ಶಾಸಕರ ಅಂಗಡಿ ಮತ್ತು ಅಳತೆ ಪುಸ್ತಕ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ವಾರ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು, ವ್ಯಾಪಾರಸ್ಥರಿಗೆ ವಿಧಾನಸಭೆಯ ಟಿಕೆಟ್ ಕೊಡುವುದನ್ನೇ ಪಕ್ಷಗಳು ನಿಲ್ಲಿಸಬೇಕು, ಹಾಕಿದ ಬಂಡವಾಳವನ್ನು ಬಡ್ಡಿ ಸಮೇತ ತೆಗೆಯದೆ ಅವರು ಬಿಡುವವರಲ್ಲ ಎಂಬ ಅರ್ಥದಲ್ಲಿ ಬರೆದಿದ್ದರು. ಅವರ ಸಿಟ್ಟಿಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಆದರೆ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಕಬ್ಬಿಣ ಮತ್ತು ಸಿಮೆಂಟ್ ಅಂಗಡಿಯೊಂದರ ಲೆಕ್ಕವನ್ನು 26 ವರ್ಷ ಬರೆದವನು ನಾನು. ಅದರಲ್ಲಿ ಐದು ವರ್ಷ ಆ ಅಂಗಡಿಯ ಯಜಮಾನರು ಶಾಸಕರಾಗಿದ್ದರು. ಒಬ್ಬ ಸಣ್ಣ ಊರಿನ ವ್ಯಾಪಾರಿ ವಿಧಾನಸೌಧಕ್ಕೆ ಹೋದಾಗ ಅಂಗಡಿಗೆ ಏನಾಗುತ್ತದೆ, ಅಂಗಡಿಯ ದೆಸೆಯಿಂದ ಕ್ಷೇತ್ರಕ್ಕೆ ಏನಾಗುತ್ತದೆ ಎಂಬುದನ್ನು ಖಾತೆ ಪುಸ್ತಕದ ಬದಿಯಲ್ಲಿ ಕೂತು ನೋಡಿದವನಾದ್ದರಿಂದ ಎರಡು ಮಾತು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಪಕ್ಷ ಈ ಮೂರನ್ನೂ ಹೇಳುವುದಿಲ್ಲ. ಅವರು ಈಗಿಲ್ಲ, ಮನೆಯವರು ಅದೇ ಅಂಗಡಿಯಿಂದ ಬದುಕುತ್ತಿದ್ದಾರೆ. ಜಿಲ್ಲೆಯಲ್ಲಿ ಈಗ 11 ಕ್ಷೇತ್ರಗಳಿವೆ, 2008ರ ಪುನರ್ವಿಂಗಡಣೆಗೆ ಮೊದಲು ಬೆಳ್ಳಾವಿ, ಕಳ್ಳಂಬೆಳ್ಳ, ಹುಲಿಯೂರುದುರ್ಗಗಳೂ ಸೇರಿ 13 ಇದ್ದವು. ಓದುಗರು ಊಹೆಯ ಶ್ರಮ ತೆಗೆದುಕೊಳ್ಳದಿದ್ದರೆ ಒಳ್ಳೆಯದು.

ವರ್ತಕರು ಸಭೆ ಏರುವುದು ಇತ್ತೀಚಿನ ಚಾಳಿ ಎಂಬ ಮಾತು ಮಾತ್ರ ಸರಿಯಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಸಲ ಕೂಡಿಸಿದಾಗ, ಸಂಸ್ಥಾನದ ನಾನಾ ಭಾಗಗಳಿಂದ ಜಮೀನುದಾರರನ್ನೂ ವರ್ತಕರನ್ನೂ ಕರೆಸಬೇಕೆಂಬುದೇ ಆದೇಶವಾಗಿತ್ತು. ಬಂದ 144 ಮಂದಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಅಹವಾಲು ಹೇಳಿಕೊಳ್ಳುವ ಅವಕಾಶವಷ್ಟೇ ಇತ್ತು. ಈಗ 25 ವರ್ಷ ತುಂಬಿದ ಮತದಾರ ಯಾವ ಕಸುಬಿನವನಾದರೂ ವಿಧಾನಸಭೆಗೆ ನಿಲ್ಲಬಹುದು. ವಕೀಲರು ಹೋಗಬಹುದು, ಶಿಕ್ಷಣ ಸಂಸ್ಥೆ ನಡೆಸುವವರು ಹೋಗಬಹುದು, ಸಿಮೆಂಟು ಮಾರುವವನು ಮಾತ್ರ ಹೋಗಬಾರದೆಂದರೆ ಅದು ನ್ಯಾಯವಲ್ಲ.

ಯಜಮಾನರು ಶಾಸಕರಾದದ್ದು ನಮ್ಮ ಕಡೆಯ ಪೇಟೆ ರಾಜಕಾರಣಿಗಳು ನಡೆದು ಬರುವ ದಾರಿಯಲ್ಲೇ. ಮೊದಲು ಪುರಸಭೆಯ ಸದಸ್ಯರು, ಆಮೇಲೆ ಸಹಕಾರ ಸಂಘದ ನಿರ್ದೇಶಕರು, ನಡುವೆ ಒಮ್ಮೆ ಟಿಕೆಟ್ ತಪ್ಪಿ ಬೇಸರ, ಮುಂದಿನ ಸಲ ಗೆಲುವು. ಆದರೆ ಜನ ಅವರನ್ನು ಕಂಡುಕೊಂಡದ್ದು ಈ ಹುದ್ದೆಗಳಲ್ಲಲ್ಲ, ಸಾಲದ ಮಾರಾಟ ಬರೆಯುವ ಉದ್ರಿ ಖಾತೆಯಲ್ಲಿ. ಸುತ್ತಿನ ಹಳ್ಳಿಗಳ ಎಷ್ಟೋ ಮನೆಗಳಿಗೆ ಕಂಬಿ, ಸಿಮೆಂಟು, ಶೀಟು ಹೋದದ್ದು ನಮ್ಮ ಗೋದಾಮಿನಿಂದ. ಯಾರು ಯಾವ ವರ್ಷ ಆರ್‌ಸಿಸಿ ಹಾಕಿಸಿದರು, ಯಾರ ಮಗಳ ಮದುವೆಗಾಗಿ ಗೋಡೆ ಎದ್ದ ಮನೆ ಮೂರು ವರ್ಷ ಬೋಳಾಗಿ ನಿಂತಿತು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಕೊಬ್ಬರಿ ಮಾರಿ ಕೊಡುತ್ತೇನೆ ಎಂದವನಿಗೆ ಕೊಬ್ಬರಿ ದರ ಬಿದ್ದ ವರ್ಷವೂ ಮಾಲು ನಿಲ್ಲುತ್ತಿರಲಿಲ್ಲ. ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ಹರಾಜಿನ ದರವನ್ನು ವಾರಕ್ಕೊಮ್ಮೆ ಅಂಗಡಿಯ ಒಳಗಂಬಕ್ಕೆ ಸೀಮೆಸುಣ್ಣದಲ್ಲಿ ಬರೆದಿಡುವುದು ನನ್ನ ಕೆಲಸವಾಗಿತ್ತು. ನಾವೇನೂ ಕೊಬ್ಬರಿ ಕೊಳ್ಳುತ್ತಿರಲಿಲ್ಲ. ಯಾರ ಬಾಕಿಯನ್ನು ಯಾವಾಗ ಕೇಳಬಹುದು ಎಂಬ ಅಂದಾಜಿಗೆ ಆ ದರ ಬೇಕಾಗಿತ್ತು.

ರಾತ್ರಿ ಎಂಟೂವರೆಗೆ ಬಾಗಿಲನ್ನು ಅರ್ಧ ಎಳೆದು ರೋಜು ಕಿರ್ದಿ, ಅಂದರೆ ದಿನದ ಜಮಾ ಖರ್ಚಿನ ಲೆಕ್ಕ, ಮುಗಿಸುತ್ತಿದ್ದೆವು. ಗಲ್ಲಾಪೆಟ್ಟಿಗೆಯ ನಗದಿಗೂ ಪುಸ್ತಕದ ಶಿಲ್ಕಿಗೂ (ಲೆಕ್ಕದಂತೆ ಉಳಿಯಬೇಕಾದ ಹಣ) ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಒಮ್ಮೆ 14 ರೂಪಾಯಿ ಹೆಚ್ಚಿಗೆ ಬಂತು. ಕಡಿಮೆ ಬಂದರೆ ಹುಡುಕುವುದು ಸಹಜ, ಹೆಚ್ಚು ಬಂದದ್ದಕ್ಕೂ ಅವರು ನಮ್ಮನ್ನು ಹತ್ತೂವರೆಯವರೆಗೆ ಕೂರಿಸಿದರು. ಬೈಂಡಿಂಗ್ ವೈರು ಒಯ್ದ ಗಾರೆ ಕೆಲಸದವನಿಗೆ ಚಿಲ್ಲರೆ ಕೊಡುವುದು ಮರೆತಿದೆ ಎಂದು ಕೊನೆಗೆ ತಿಳಿಯಿತು. ಮಾರನೆಯ ಬೆಳಿಗ್ಗೆ ಅವನು ಕೆಲಸ ಮಾಡುತ್ತಿದ್ದ ಜಾಗಕ್ಕೇ ಹುಡುಗನ ಕೈಯಲ್ಲಿ ದುಡ್ಡು ಕಳಿಸಿ, "ಹೆಚ್ಚಿಗೆ ಬಂದ ದುಡ್ಡು ಇನ್ಯಾರಿಗೋ ಕಮ್ಮಿ ಬಿದ್ದಿದ್ದು ಕಣಯ್ಯ" ಎಂದರು. ಈ ಮಾತನ್ನು ಮುಂದೆ ನಾನು ಮತ್ತೆ ನೆನೆಸಿಕೊಳ್ಳಬೇಕಾಗಿದೆ.

ಗೆದ್ದ ಮೇಲೆ ಮೊದಲು ಕೆಟ್ಟದ್ದು ವಸೂಲಿ. ಬಾಕಿಯವರು ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡಾಡುವುದನ್ನು ಬಿಡಲಿಲ್ಲ, ಮೊದಲಿಗಿಂತ ಜೋರಾಗಿ ನಮಸ್ಕಾರ ಮಾಡತೊಡಗಿದರು, ಬಾಕಿ ಮಾತ್ರ ಕಟ್ಟಲಿಲ್ಲ. "ಎಂಎಲ್‌ಎ ಆದೋರು ಇನ್ನೂ ನಮ್ಮ ಸಿಮೆಂಟಿನ ದುಡ್ಡು ಕೇಳ್ತಾರಾ ಸ್ವಾಮಿ?" ಎಂದು ಒಬ್ಬರು ನಗುತ್ತಲೇ ನನ್ನನ್ನು ಕೇಳಿದರು. ನಾನು ಹಳ್ಳಿಗೆ ಹೋಗಿ ಬಾಕಿ ಕೇಳುವುದು ಮತ ಕಳೆಯುವ ಕೆಲಸವೆಂದು ಯಜಮಾನರ ಹಿಂದೆ ಮುಂದೆ ಇದ್ದವರು ಅಡ್ಡ ಬಂದರು. ಇತ್ತ ಯಜಮಾನರ ಮನೆಯಲ್ಲಿ ಮುಯ್ಯಿ ಪುಸ್ತಕದ ಲೆಕ್ಕವೂ ತಪ್ಪಿತು. ಮೊದಲು ಯಾರು ಎಷ್ಟು ಮುಯ್ಯಿ ಮಾಡಿದ್ದರೋ ಅವರ ಮನೆಯ ಮದುವೆಗೆ ಅಷ್ಟನ್ನೋ, ಮೇಲೆ ಸ್ವಲ್ಪವನ್ನೋ ಸೇರಿಸಿ ಹಿಂದಿರುಗಿಸುವುದು ಅಮ್ಮನವರ ಪದ್ಧತಿಯಾಗಿತ್ತು. ಈಗ ಗುರುತು ಪರಿಚಯವಿಲ್ಲದ ಮನೆಗಳಿಂದಲೂ ಲಗ್ನಪತ್ರಿಕೆಗಳು ಬರತೊಡಗಿದವು, ಲಗ್ನದ ದಿನಗಳಲ್ಲಿ ಒಂದೇ ಹೊತ್ತಿಗೆ ಆರೇಳು ಕಲ್ಯಾಣ ಮಂಟಪ ಸುತ್ತಬೇಕಾಯಿತು, ತಿಥಿ, ಗೃಹಪ್ರವೇಶ, ರಥೋತ್ಸವ, ಕಬಡ್ಡಿ ಪಂದ್ಯ ಎಲ್ಲಕ್ಕೂ ಲಕೋಟೆ ಬೇಕಾಯಿತು. 2025ರ ಮಾರ್ಚ್‌ನಲ್ಲಿ ಶಾಸಕರ ತಿಂಗಳ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿದಾಗ ನಾಡೆಲ್ಲ ಟೀಕಿಸಿತು, ನಾನೂ ಟೀಕಿಸಿದೆ. ಆದರೆ ಲಕೋಟೆಗಳ ಲೆಕ್ಕ ಬರೆದವನಿಗೆ ಗೊತ್ತು, ವೈಶಾಖದ ಒಂದು ವಾರದಲ್ಲೇ ಆ 80 ಸಾವಿರ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಬೇರೆ ಆದಾಯವಿಲ್ಲದ ಮನುಷ್ಯ ನಮ್ಮ ಕಡೆ ಶಾಸಕನಾಗಿ ಬಾಳುವುದು ಕಷ್ಟ. ಹಾಗೆ ಮಾಡಿಟ್ಟವರು ಲಕೋಟೆಗೆ ಕೈ ಚಾಚುವ ನಾವೇ.

ಇದೇ ಹೊತ್ತಿಗೆ ಖಾತೆಯ ಇನ್ನೊಂದು ಬದಿ ತುಂಬತೊಡಗಿತು. ಗುತ್ತಿಗೆದಾರರೊಬ್ಬರಿದ್ದರು. ಹಮಾಲಿ ಚೀಲಕ್ಕೆ 50 ಪೈಸೆ ಹೆಚ್ಚಾಯಿತೆಂದು ಅರ್ಧ ಗಂಟೆ ವಾದ ಮಾಡುವವರು, ಕಂಬಿ ತೂಗುವಾಗ ಕಾಟಾದ ಪಕ್ಕ ಬಿಟ್ಟು ಕದಲದವರು. ಫಲಿತಾಂಶ ಬಂದ ಹದಿನೈದನೆಯ ದಿನ ಬಂದು 400 ಚೀಲ ಸಿಮೆಂಟಿಗೆ ದರವನ್ನೇ ಕೇಳದೆ ನಗದು ಎಣಿಸಿದರು. ನೋಟಿನ ಕಟ್ಟುಗಳನ್ನು ಗಲ್ಲಾದ ಮೇಲಿಟ್ಟು, ರಬ್ಬರ್ ಬ್ಯಾಂಡನ್ನು ನನ್ನ ಕಡೆ ಸರಿಸಿ, ನಕ್ಕು ಹೋದರು. ದರ ಕೇಳದೆ ದುಡ್ಡು ಕೊಟ್ಟ ಗಿರಾಕಿಯನ್ನು ನಾನು ಕಂಡದ್ದು ಅದೇ ಮೊದಲು. ಆ ರಾತ್ರಿ ಶಿಲ್ಕು ಪೈಸೆಗೆ ಪೈಸೆ ತಾಳೆಯಾಯಿತು. ಸಿಮೆಂಟು ಮಾರಿದ್ದು ನಿಜ, ಬಿಲ್ಲು ಹರಿದದ್ದು ನಿಜ, ಮಾರಾಟ ತೆರಿಗೆ ಕಟ್ಟಿದ್ದೂ ನಿಜ. ಆದರೂ ನನಗೆ 14 ರೂಪಾಯಿಯ ರಾತ್ರಿ ನೆನಪಾಯಿತು. ದರ ಕೇಳದೆ ಕೊಂಡ ಸಿಮೆಂಟಿನ ನಷ್ಟವನ್ನು ಯಾವ ಗುತ್ತಿಗೆದಾರನೂ ಮನೆಯಿಂದ ತುಂಬುವುದಿಲ್ಲ; ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಎಂದಿರುವಲ್ಲಿ ಮರಳು ಮೂರಾಗುತ್ತದೆ, ಜಲ್ಲಿ ಆರಾಗುತ್ತದೆ. ಕಮ್ಮಿ ಬೀಳುವುದು ಯಾವುದೋ ಹಳ್ಳಿಯ ಕಾಂಕ್ರೀಟ್ ರಸ್ತೆಗೆ, ಅಂಗನವಾಡಿಯ ತಾರಸಿಗೆ.

ನಾನು ಫೋನಿನಲ್ಲಿ ವಿಷಯ ತಿಳಿಸಿದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರ್ಕಾರಿ ಕೆಲಸ ಹಿಡಿದ ಯಾರಿಗೂ ಇನ್ನು ಮಾಲು ಕೊಡಬೇಡ ಎಂದರು. ಎಂಟು ತಿಂಗಳು ಆ ಮಾತು ನಡೆಯಿತು. ಅತ್ತ ಉದ್ರಿ ಬಾರದೆ, ಇತ್ತ ದೊಡ್ಡ ಗಿರಾಕಿಗಳನ್ನು ಕಳೆದುಕೊಂಡು, ಅಂಗಡಿಯ ವಹಿವಾಟು ಅರ್ಧಕ್ಕೆ ಇಳಿಯಿತು. ಒಂಬತ್ತನೆಯ ತಿಂಗಳಲ್ಲಿ ಬೈಪಾಸ್ ಬದಿಗೆ ಅವರ ಭಾವಮೈದನ ಹೆಸರಿನಲ್ಲಿ ಹೊಸ ಸಿಮೆಂಟ್ ಅಂಗಡಿ ತೆರೆಯಿತು. ದರ ಕೇಳದ ಗಿರಾಕಿಗಳು ಅಲ್ಲಿಗೆ ಹೋದರು. ಯಜಮಾನರು ಅದರ ಪೂಜೆಗೆ ಹೋಗಿ ಬಂದರು. ಅದರ ಬಗ್ಗೆ ಅವರು ನನ್ನೊಡನೆ ಒಂದು ದಿನವೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಕಾನೂನು ಇದನ್ನು ಹಿಡಿಯುವುದಿಲ್ಲವೇ ಎಂದು ಓದುಗರು ಕೇಳಬಹುದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮಿನ ಪ್ರಕಾರ, ತನ್ನ ವ್ಯಾಪಾರದ ಭಾಗವಾಗಿ ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಸರ್ಕಾರದ ಕಾಮಗಾರಿ ನಡೆಸುವ ಒಪ್ಪಂದ ಜಾರಿಯಲ್ಲಿರುವಷ್ಟು ಕಾಲ ಅಂಥವನು ಶಾಸಕನಾಗಲು ಅನರ್ಹ. ಗಮನಿಸಬೇಕಾದದ್ದು, ಒಪ್ಪಂದ ನೇರವಾಗಿ ಸರ್ಕಾರದೊಂದಿಗೆ ಇರಬೇಕು, ಅವನ ಹೆಸರಿನಲ್ಲೇ ಇರಬೇಕು. ಗುತ್ತಿಗೆದಾರನಿಗೆ ಸಿಮೆಂಟು ಮಾರುವುದು ಸರ್ಕಾರದೊಂದಿಗಿನ ಒಪ್ಪಂದವಲ್ಲ. 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ನಾಮಪತ್ರದ ಜತೆಗೆ ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರ ಕಡ್ಡಾಯವಾಯಿತು. ನಮೂನೆ 26 ಎಂಬ ಆ ಪ್ರಮಾಣಪತ್ರಕ್ಕೆ ಆಮೇಲಿನ ವರ್ಷಗಳಲ್ಲಿ ಇನ್ನಷ್ಟು ಕಲಮುಗಳು ಸೇರಿ, ಐದು ವರ್ಷಗಳ ಆದಾಯವನ್ನೂ, ಅಭ್ಯರ್ಥಿ, ಪತಿ ಅಥವಾ ಪತ್ನಿ ಮತ್ತು ಅವಲಂಬಿತರು ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದಗಳನ್ನೂ ಈಗ ಬರೆಯಬೇಕಾಗಿದೆ. ಇದು ದೊಡ್ಡ ಸುಧಾರಣೆಯೇ. ಆದರೆ ಭಾವಮೈದ ಅವಲಂಬಿತನಲ್ಲ, ಅವನ ಅಂಗಡಿಯ ಗಿರಾಕಿ ಸರ್ಕಾರವಲ್ಲ. ಇನ್ನು ಕರ್ನಾಟಕ ಲೋಕಾಯುಕ್ತ ಕಾಯ್ದೆಯ 22ನೆಯ ಕಲಮಿನಂತೆ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದ ಆಸ್ತಿ, ಹೊಣೆಗಾರಿಕೆಗಳ ವಿವರ ಸಲ್ಲಿಸಬೇಕು. ಸಲ್ಲಿಸದವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಅವಕಾಶ ಅಲ್ಲಿದೆ. ಸಲ್ಲಿಸಿದವರು ಬರೆದದ್ದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲೇಬೇಕೆಂಬ ಕಟ್ಟು ಇಲ್ಲ. ಮತದಾರನಿಗೆ ಅವರ ಲೆಕ್ಕ ಕಾಣುವುದು ಐದು ವರ್ಷಕ್ಕೊಮ್ಮೆ, ನಾಮಪತ್ರದ ಹೊತ್ತಿಗೆ.

ತಾಲ್ಲೂಕಿನಲ್ಲಿ ಶಾಸಕರ ಕೈ ಎಷ್ಟು ಉದ್ದ ಎಂಬುದು ಗೊತ್ತಿಲ್ಲದವರಿಗೆ ಒಂದು ಸಿಮೆಂಟ್ ಅಂಗಡಿಯ ಬಗ್ಗೆ ಇಷ್ಟು ಮಾತು ಅತಿಯೆನ್ನಿಸಬಹುದು. ಸರ್ಕಾರಿ ಕಾರ್ಯಕ್ರಮಗಳ ಪ್ರಗತಿ ನೋಡಲು ಮೂರು ತಿಂಗಳಿಗೊಮ್ಮೆ ನಡೆಯುವ ತಾಲ್ಲೂಕು ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೂ, ಮನೆಯಿಲ್ಲದವರಿಗೆ ನಿವೇಶನ, ಮನೆ ಹಂಚುವ ಆಶ್ರಯ ಸಮಿತಿಗೂ ಅವರೇ. ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಯಾವ ಊರಿಗೆ ಯಾವ ಕೆಲಸ ಎಂದು ಶಿಫಾರಸು ಮಾಡುವವರೂ ಅವರೇ. ಹಣ ಬಿಡುಗಡೆ ಮಾಡುವುದು ಜಿಲ್ಲಾಧಿಕಾರಿ ಕಚೇರಿ, ಕೆಲಸ ಮಾಡಿಸುವುದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ, ಜನ ಇಂದಿಗೂ ಭೂಸೇನೆ ಎಂದೇ ಕರೆಯುವ ನಿಗಮವೋ, ನಿರ್ಮಿತಿ ಕೇಂದ್ರವೋ ಇರಬಹುದು. ಆದರೆ ರಸ್ತೆಗೆ ಹಾಕಿದ ಸಿಮೆಂಟಿನ ಪ್ರಮಾಣ ನೋಡಿ, ಆದ ಕೆಲಸವನ್ನು ದಾಖಲಿಸುವ ಅಳತೆ ಪುಸ್ತಕಕ್ಕೆ ಸಹಿ ಮಾಡುವ ಕಿರಿಯ ಎಂಜಿನಿಯರ್‌ನ ವರ್ಗಾವಣೆಗೆ ಬೇಕಾದ ಪತ್ರ ಬರುವುದು ಶಾಸಕರ ಮನೆಯಿಂದ. ಆ ಎಂಜಿನಿಯರ್ ಶಾಸಕರ ಭಾವಮೈದನ ಅಂಗಡಿಯ ಗಿರಾಕಿಯ ಕೆಲಸ ಕಳಪೆಯೆಂದು ಬರೆಯಲು ಎಷ್ಟು ಗಟ್ಟಿ ಮನಸ್ಸಿನವನಾಗಿರಬೇಕು ಎಂಬುದನ್ನು ಓದುಗರೇ ಯೋಚಿಸಲಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವುಗಳ ಅವಧಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇಲ್ಲದಂತಾದ ಮೇಲಂತೂ, ತಾಲ್ಲೂಕಿಗೆಲ್ಲ ಒಂದೇ ಬಾಗಿಲು ಎಂಬಂತಾಗಿದೆ.

ಯಜಮಾನರ ಶಾಸಕತನವೆಲ್ಲ ಇದೇ ಆಗಿತ್ತೆಂದು ಭಾವಿಸಬಾರದು. ಅಧಿವೇಶನದ ದಿನಗಳಲ್ಲಿ ಅವರು ಶಾಸಕರ ಭವನದ ಕೋಣೆಯಲ್ಲಿ ಆಯವ್ಯಯದ ಸಂಪುಟಗಳನ್ನು ಅಂಗಡಿಯ ಖಾತೆ ನೋಡುವ ಹಾಗೆಯೇ, ಬೆರಳಿನ ತುದಿಗೆ ನಾಲಿಗೆಯ ಎಂಜಲು ಹಚ್ಚಿ, ಶೀರ್ಷಿಕೆ ಶೀರ್ಷಿಕೆಯಾಗಿ ತಿರುವುತ್ತಿದ್ದರು. ಹಿಂದಿನ ವರ್ಷ ಕೊಟ್ಟದ್ದರಲ್ಲಿ ಖರ್ಚಾಗದೆ ಉಳಿದದ್ದು ಎಲ್ಲಿದೆ ಎಂಬ ಅವರ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಅಧಿಕಾರಿಗಳು ಲಿಖಿತ ಉತ್ತರ ಕೊಡಲು ಪರದಾಡಿದ್ದುಂಟು. ಆದರೆ ಅಂಗಡಿ ವರ್ಷಕ್ಕೆ ಮುನ್ನೂರು ದಿನಕ್ಕೂ ಹೆಚ್ಚು ತೆರೆದಿರುತ್ತದೆ. ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು 2005ರ ಕಾಯ್ದೆ ಹೇಳಿದರೂ ಎಷ್ಟೋ ವರ್ಷ ಅಷ್ಟೂ ದಿನ ಕಲಾಪ ನಡೆದಿಲ್ಲ, ನಡೆದ ದಿನಗಳಲ್ಲಿ ಗದ್ದಲ ತಿಂದದ್ದು ಬೇರೆ. ಮೊದಲ ಎರಡು ವರ್ಷ ಅವರು ಎಲ್ಲಿದ್ದರೂ ರಾತ್ರಿ ಒಂಬತ್ತಕ್ಕೆ ಅಂಗಡಿಗೆ ಫೋನ್ ಮಾಡಿ "ಶಿಲ್ಕೆಷ್ಟು?" ಎಂದು ಕೇಳುತ್ತಿದ್ದರು. ಮೂರನೆಯ ವರ್ಷ ಆ ಫೋನ್ ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ, ಕೊನೆಯ ವರ್ಷ ನಿಂತೇ ಹೋಯಿತು. ನಾನು ಲೆಕ್ಕ ಬರೆಯುವುದನ್ನು ನಿಲ್ಲಿಸಲಿಲ್ಲ.

ಇನ್ನು ನನ್ನ ಸಲಹೆ. ಲೆಕ್ಕದವನ ಸಲಹೆಯಾದ್ದರಿಂದ ಸಣ್ಣದು. ವ್ಯಾಪಾರಿಗೆ ಟಿಕೆಟ್ ನಿಲ್ಲಿಸಬೇಡಿ, ಗೆದ್ದವನ ಅಂಗಡಿಯನ್ನೂ ಮುಚ್ಚಿಸಬೇಡಿ. ಅಂಗಡಿ ಮುಚ್ಚಿದ ವ್ಯಾಪಾರಿಗೆ ಶಾಸಕತನವೇ ಅಂಗಡಿಯಾಗುವ ಅಪಾಯ ಇನ್ನೂ ದೊಡ್ಡದು. ಬದಲಿಗೆ, ಶಾಸಕರು ಪ್ರತಿ ಜೂನ್‌ನಲ್ಲಿ ಸಲ್ಲಿಸುವ ವಿವರದೊಂದಿಗೆ ತಮ್ಮ, ತಮ್ಮ ಪತ್ನಿ ಅಥವಾ ಪತಿಯ, ಮಕ್ಕಳ, ಒಡಹುಟ್ಟಿದವರ ಮತ್ತು ಭಾವಮೈದುನ, ನಾದಿನಿ, ಅಳಿಯಂದಿರ ಹೆಸರಿನಲ್ಲಿ ಕ್ಷೇತ್ರದೊಳಗೆ ನಡೆಯುವ ವ್ಯಾಪಾರಗಳ ಜಿಎಸ್‌ಟಿ ಸಂಖ್ಯೆಗಳನ್ನು ಕೊಡಲಿ. ನಮ್ಮ ಕಾಲದಲ್ಲಿ ಇದು ಆಗದ ಮಾತಾಗಿತ್ತು. 2017ರ ಜುಲೈಯಿಂದ ಪ್ರತಿಯೊಂದು ಬಿಲ್ಲಿನ ಮೇಲೂ ಮಾರಿದವನ 15 ಅಂಕಿ, ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇದೆ. 50 ಸಾವಿರ ಮೀರಿದ ಮಾಲು ಗಾಡಿ ಹತ್ತಿದರೆ ಎಲ್ಲಿಂದ ಎಲ್ಲಿಗೆ ಎಂಬ ಇ-ವೇ ಬಿಲ್ ಇದೆ. ಗುತ್ತಿಗೆದಾರನ ಬಿಲ್ಲು ಪಾಸಾಗುವಾಗ ಅವನು ಸಿಮೆಂಟು, ಕಂಬಿ ಕೊಂಡ ಅಂಗಡಿಯ ಸಂಖ್ಯೆಯನ್ನು ಅಳತೆ ಪುಸ್ತಕದಲ್ಲಿ ಬರೆಯಬೇಕೆಂಬ ಒಂದು ಸಾಲಿನ ಸುತ್ತೋಲೆ ಸಾಕು. ಬಿಲ್ಲಿಲ್ಲದೆ ಕೊಂಡರೆ ಎಂಬ ಆಕ್ಷೇಪಕ್ಕೆ ಉತ್ತರವಿದೆ: ಇನ್‌ಪುಟ್ ತೆರಿಗೆ ಜಮೆಯನ್ನು (ಕೊಂಡ ಮಾಲಿಗೆ ಕೊಟ್ಟ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಬಿಟ್ಟುಕೊಟ್ಟು ಬಿಲ್ಲಿಲ್ಲದೆ ದೊಡ್ಡ ಮಾಲು ಕೊಳ್ಳುವ ಗುತ್ತಿಗೆದಾರ ಬಹಳ ದಿನ ಉಳಿಯಲಾರ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕೆಡಿಪಿ ಸಭೆಯಲ್ಲಿ ಓದಲಿ, ತಾಲ್ಲೂಕು ಕಚೇರಿಯ ಫಲಕಕ್ಕೆ ಅಂಟಿಸಲಿ. ಶಾಸಕರ ಅಂಗಡಿಯಿಂದ ಮಾಲು ಕೊಂಡದ್ದೇ ಅಪರಾಧವೆಂದು ನಾನು ಹೇಳುತ್ತಿಲ್ಲ. ಊರಿನಲ್ಲಿ ಇರುವುದು ಅದೊಂದೇ ಅಂಗಡಿಯಾಗಿರಬಹುದು, ದರವೂ ಅಲ್ಲೇ ಕಡಿಮೆಯಿರಬಹುದು. ಯಾವ ರಸ್ತೆಗೆ ಯಾವ ಅಂಗಡಿಯ ಸಿಮೆಂಟು ಹೋಯಿತು ಎಂಬುದು ರಸ್ತೆಯ ಮೇಲೆ ನಡೆಯುವವನಿಗೆ ತಿಳಿದಿರಲಿ ಎಂದಷ್ಟೇ ನನ್ನ ಕೋರಿಕೆ. ಜಿಲ್ಲಾ ಪುಟದಲ್ಲಿ ಶಾಸಕರ ನಿಧಿಯ ಕಾಮಗಾರಿಗಳ ಪಟ್ಟಿಯನ್ನು ತಾಲ್ಲೂಕುವಾರು ವರ್ಷಕ್ಕೊಮ್ಮೆಯಾದರೂ ಪ್ರಕಟಿಸಲು ತಮ್ಮ ಪತ್ರಿಕೆಗೆ ಸಾಧ್ಯವಾದರೆ, ಸುತ್ತೋಲೆ ಬರುವವರೆಗೆ ಅದೂ ಒಂದು ಆರಂಭವಾದೀತು.

ಮುಂದಿನ ಚುನಾವಣೆಯಲ್ಲಿ ಯಜಮಾನರು ಸೋತರು. ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದು ಗಲ್ಲಾದ ಮುಂದೆ ಕೂತು ಉದ್ರಿ ಖಾತೆ ತೆಗೆಸಿದರು. ಐದು ವರ್ಷ ಬಾರದ ಬಾಕಿ ಆರು ತಿಂಗಳಲ್ಲಿ ಮುಕ್ಕಾಲು ಪಾಲು ಬಂತು. ಅವರು ಮತ್ತೆ ಬರಿಯ ಅಂಗಡಿಯವರಾಗಿದ್ದರು, ಜನರಿಗೆ ಮತ್ತೆ ಸಿಮೆಂಟು ಬೇಕಾಗಿತ್ತು. ಬೈಪಾಸಿನ ಅಂಗಡಿ ಅದೇ ವರ್ಷ ಮುಚ್ಚಿತು. ಹಮಾಲಿಗೆ ಜಗಳವಾಡುತ್ತಿದ್ದ ಗುತ್ತಿಗೆದಾರರೂ ಒಂದು ದಿನ ಬಂದು, ಚೀಲಕ್ಕೆ ಎರಡು ರೂಪಾಯಿ ಇಳಿಸಬೇಕೆಂದು ಮುಕ್ಕಾಲು ಗಂಟೆ ಕೂತರು. ಯಜಮಾನರು ಕಾಫಿ ತರಿಸಿಕೊಟ್ಟರು, ಎರಡು ರೂಪಾಯಿ ಇಳಿಸಲಿಲ್ಲ.

ಇಂತಿ,
ಒಬ್ಬ ನಿವೃತ್ತ ಅಂಗಡಿ ಗುಮಾಸ್ತ,
ತುಮಕೂರು